ಟೀಮ್‌ನಲ್ಲಿ ನನ್ನ ಜಾಗ ಯಾವುದು?

ನಾಲ್ಕು ವರ್ಷದಿಂದ ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದೇನೆ. ಈ ಸಲ ನನ್ನನ್ನು ಟೀಮ್ ಲೀಡ್ ಮಾಡಿದರು. ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಮುಖ ನೋಡಿದರೆ ಬಾಯಿ ಒಣಗುತ್ತದೆ. ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕು ಅಂದರೆ ಮಾತ್ರ ಊಟ ಬಿಟ್ಟು ಕೂರುತ್ತೇನೆ. ಮೊನ್ನೆ ಬಿಲ್ಲಿನಲ್ಲಿ ಜಿಎಸ್‌ಟಿ ಎರಡು ಸಲ ಸೇರುತ್ತಿದ್ದದ್ದು ಕಂಡದ್ದು ನನಗೊಬ್ಬನಿಗೇ. ನಾನು ಲೀಡ್ ಆಗಲಿಕ್ಕೆ ಆಗದವನಾ?

ಮಣಿಪಾಲದವಳು:
ಟೀಮ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ಅಧ್ಯಯನ ಮಾಡಿದ ಬ್ರಿಟನ್ನಿನ ಮೆರೆಡಿತ್ ಬೆಲ್ಬಿನ್, ಟೀಮ್‌ನಲ್ಲಿ ಜನ ವಹಿಸುವುದಾಗಿ ಗುರುತಿಸಿದ 9 ಪಾತ್ರಗಳಲ್ಲಿ 'ಕಂಪ್ಲೀಟರ್ ಫಿನಿಶರ್' ಅಂತ ಒಂದಿದೆ. ತಪ್ಪು ಹೆಕ್ಕಿ, ಕೆಲಸ ಚೊಕ್ಕ ಮಾಡಿ ಮುಗಿಸುವವರು. ಅವರ ದೋಷವೂ ಅದರಲ್ಲೇ ಇದೆ: ಅತಿ ಚಿಂತೆ, ಕೆಲಸ ಇನ್ನೊಬ್ಬರಿಗೆ ಬಿಡಲು ಮನಸ್ಸಿಲ್ಲ. ನಿಮ್ಮದೇ ಜಾತಕ ಅಲ್ವಾ? ಆದರೆ ಒಬ್ಬರಿಗೆ ಒಂದೇ ಪಾತ್ರ ಅಂತ ಅವರು ಹೇಳುವುದಿಲ್ಲ, ಎರಡು ಮೂರು ಒಗ್ಗುತ್ತವೆ.

ಸುರತ್ಕಲ್ ಮಾಮ:
ನಾನು ಊರಿನ ಯಕ್ಷಗಾನ ಸಂಘದಲ್ಲಿ ಮೂರು ವರ್ಷ ವೇಷ ಹಾಕಿದವ. ಗೆಜ್ಜೆ ಕಟ್ಟಿದರೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ, ಆದರೆ ಪಕ್ಕದವನ ತಾಳ ಜಾರಿದ್ದು ಮೊದಲು ಗೊತ್ತಾಗುತ್ತಿದ್ದದ್ದು ನನಗೇ. ಒಂದು ದಿನ ಗುರುಗಳು ಏನೂ ಹೇಳದೆ ಮದ್ದಳೆ ಎದುರು ಕೂರಿಸಿದರು. ಸ್ವಲ್ಪ ಬೇಸರ ಆಯಿತು, ಸುಳ್ಳು ಯಾಕೆ. ಮತ್ತೆ ಗೆಜ್ಜೆ ಮುಟ್ಟಲಿಲ್ಲ. ಮತ್ತೊಂದು, ತಮ್ಮಾ: ಇಡೀ ಆಟ ನಡೆಸುವ ಭಾಗವತರು ಕುಣಿಯುವುದಿಲ್ಲ. ಜಾಗಟೆ ಹಿಡಿದು ಕೂತಲ್ಲಿಂದಲೇ ನಡೆಸುವುದು.

ಪ್ರಶ್ನೆ ಕೇಳಿದವ:
ಮಾಮ, ಸರಿ. ಸೋಮವಾರದ ಮೀಟಿಂಗ್ ಜೊತೆಯವಳಿಗೆ ಬಿಟ್ಟು ನೋಡ್ತೇನೆ. ಕೋಡ್ ರಿವ್ಯೂ ಮಾತ್ರ ಯಾರಿಗೂ ಕೊಡುವುದಿಲ್ಲ!

ಮಣಿಪಾಲದವಳು:
ನೋಡಿ, ಬಿಡಲು ಮನಸ್ಸಿಲ್ಲ ಅಂದೆನಲ್ಲ.