48ರಲ್ಲಿ ವರ್ಷದ ಲೆಕ್ಕ ಹೇಗೆ ಇಡ್ತೀರಿ?

ಕೇಳಿದವರು, ಬೆಂಗಳೂರು:

ನನಗೀಗ 48. ಬ್ಯಾಂಕಿನಲ್ಲಿ ಕೆಲಸ. ಮಗ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರು, ಅತ್ತೆ, ಅಷ್ಟೇ. ಕಾಲೇಜು ಮುಗಿದ ಮೇಲೆ ನಿಂತುಹೋಗಿದ್ದ ಕತೆ ಬರೆಯೋದನ್ನ ಈ ವರ್ಷ ಮತ್ತೆ ಹಿಡಿದೆ. ಒಂದು ಕತೆ ಮಾಸಪತ್ರಿಕೆಯಲ್ಲಿ ಬಂತು. ಈಜು ಕಲಿತೆ. ಅತ್ತೆಯ ಮಂಡಿ ಆಪರೇಷನ್ ಆಗಿದ್ದೂ ಇದೇ ವರ್ಷ. ಆದರೆ ಡಿಸೆಂಬರ್ ಕೊನೆಗೆ ‘ಏನೇನು ಮಾಡಿದೆ’ ಅಂತ ಬರೆಯಲು ಕೂತರೆ ಅರ್ಧ ಪುಟವೂ ತುಂಬಲಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಗೆಳತಿಯರ ಪಟ್ಟಿಗಳನ್ನ ನೋಡಿ ಇನ್ನೂ ಪಿಚ್ಚೆನಿಸಿತು. ನೀವೆಲ್ಲ ವರ್ಷದ ಲೆಕ್ಕ ಹೇಗೆ ಇಡ್ತೀರಿ? ಇಡಲೇಬೇಕಾ? ಅನುಭವ ಇದ್ದವರು ಹೇಳಿ.

ಧಾರವಾಡದಿಂದ:

ಅಕ್ಕಾರ, ಡಿಸೆಂಬರ್ 31ಕ್ಕ ಬರೀಲಿಕ್ಕೆ ಕುಂತ್ರ ನವೆಂಬರದ್ದಷ್ಟ ನೆನಪಿರ್ತದ. ಯುಗಾದಿ ಮುಂದ ಏನ್ ಮಾಡಿದ್ವಿ ಅನ್ನೂದು ಯಾರಿಗೆ ನೆನಪಿರ್ತದ? ನಂದು ಬ್ಯಾರೆ ಪದ್ಧತಿ, ಹೇಳ್ತೀನಿ ಕೇಳ್ರಿ.

ನಾ ಕಸೂತಿ ಕಲೀಲಿಕ್ಕೆ ಕುಂತಾಗ 50 ದಾಟಿತ್ತು. ನಮ್ಮವ್ವ ಇಳಕಲ್ ಸೀರಿ ಮ್ಯಾಲೆ ತೇರು, ಗೋಪುರ, ತುಳಸಿಕಟ್ಟಿ, ಅಂಬಾರಿ ಆನಿ ಎಲ್ಲಾ ಹಾಕ್ತಿದ್ಲು. ನನಗ ಮಕ್ಕಳು, ನೌಕರಿ, ಪುರಸೊತ್ತ ಇರಲಿಲ್ಲ. ಕಸೂತಿಯೊಳಗ ಪೆನ್ಸಿಲ್‌ಲೆ ಗೆರಿ ಎಳಿಯೂದಿಲ್ಲ, ಗಂಟೂ ಹಾಕೂದಿಲ್ಲ. ಬಟ್ಟಿ ಎಳಿ ಎಣಿಸಿ ಎಣಿಸಿ ಸೂಜಿ ಇಡಬೇಕು. ಗವಂತಿ ಅನ್ನೂ ಹೊಲಿಗಿಯೊಳಗ ಹೋಗೂ ಮುಂದ ಒಂದು ಬಿಟ್ಟು ಒಂದು ಹಾಕ್ಕೋತ ಹೋಗ್ತೀವಿ, ತಿರುಗಿ ಬರೂ ಮುಂದ ಬಿಟ್ಟಿದ್ದನ್ನ ತುಂಬಿಕೋತ ಬರ್ತೀವಿ. ಆವಾಗ ಮುಂದ ನೋಡಿದ್ರೂ ಹಿಂದ ನೋಡಿದ್ರೂ ಬಟ್ಟಿ ಒಂದ ಥರಾ ಕಾಣ್ತದ. ಮುರ್ಗಿ ಅಂದ್ರ ಅದ ಹೊಲಿಗಿ ಮೆಟ್ಲ ಮೆಟ್ಲ ಹತ್ತಿದಂಗ. ನೇಗಿ, ಮೆಂತಿ ಅಂತ ಇನ್ನೆರಡು ಅವ, ಅವು ನನಗ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಒಂದ ಎಳಿ ತಪ್ಪಿತು ಅಂದ್ರ ತಿರುಗಿ ಬರೂ ಮುಂದ ಗೆರಿ ಕೂಡೂದಿಲ್ಲ, ಎಲ್ಲಾ ಬಿಚ್ಚಬೇಕು. ಚಾಳೀಸ ಹಾಕ್ಕೊಂಡು, ಕಿಡಕಿ ಬಾಜೂಕ ಕುಂತು, ಹಗಲ ಬೆಳಕಿನ್ಯಾಗ ಮಾಡೂ ಕೆಲಸ ಇದು.

ವರ್ಷದ ಲೆಕ್ಕಾನೂ ಬಟ್ಟಿ ಮ್ಯಾಲೆನ ಇಡ್ತೀನಿ. ಮ್ಯಾಟಿ ಬಟ್ಟಿದೊಂದು ಉದ್ದನ ಪಟ್ಟಿ ಅದ. ತಿಂಗಳಿಗೊಂದು ನಮೂನಿ, ಮೂಲಿಗೆ ಆ ಮಾಸದ ಮೊದಲ ಅಕ್ಷರ. ಆಗಲಿಲ್ಲ ಅಂದ್ರ ಜಾಗಾ ಹಂಗ ಖಾಲಿ ಬಿಡೂದು. ಶ್ರಾವಣದಾಗ ಹಬ್ಬ, ಬಂದವರು ಹೋದವರು, ಒಂದು ಹೊಲಿಗಿ ಸೈತ ಬಿದ್ದಿಲ್ಲ. ಮಾರ್ಗಶಿರದಾಗ ತೇರು ಹಿಡಿದೆ, ಗಾಲಿ ಅಷ್ಟ ಆಗ್ಯಾವ. ಮಗಳು ನೋಡಿ, ‘ಅವ್ವಾ, ಇದನ್ನ ಮುಗಿಸು, ಫ್ರೇಮ್ ಹಾಕ್ಸೂಣು’ ಅಂತಾಳ. ಈಗ ಮುಗಿಸಿದ್ರ ಅದು ಮಾರ್ಗಶಿರದ ಲೆಕ್ಕ ಹೆಂಗಾಗ್ತದ? ಗಾಲಿ ಅಷ್ಟ ಇರ್ಲಿ ಅಂದೀನಿ.

ನೀವು ಬರೆಯೂ ಪ್ರತಿಯೊಂದು ಹಾಳಿ ಮ್ಯಾಲೆ ತಾರೀಖು ಹಾಕ್ರಿ. ಕಚ್ಚಾ ಪ್ರತಿ ಹರೀಬ್ಯಾಡ್ರಿ.

ಪುತ್ತೂರಿನಿಂದ:

ಡಿಸೆಂಬರ್ ಲೆಕ್ಕವೇ ಯಾಕೆ ಮೇಡಂ? ನಮ್ಮ ಕಡೆ ಯಕ್ಷಗಾನ ಮೇಳಗಳು ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಬಂದರೆ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ್ಯಕ್ಕೆ ಕೂತಲ್ಲೇ ಅರ್ಥ ಹೇಳುವುದು. ನಾನು ಗಣಿತದ ಮಾಷ್ಟ್ರು, ಅರ್ಥ ಹೇಳಲು ಕೂತದ್ದು 45 ಕಳೆದ ಮೇಲೆ. ನನ್ನ ವರ್ಷ ಪತ್ತನಾಜೆಯಿಂದ ಪತ್ತನಾಜೆಗೆ.

ಒಂದು ಪುಸ್ತಕ ಇಟ್ಟಿದ್ದೇನೆ. ಎಷ್ಟು ಕೂಟವಾಯಿತು, ಎಲ್ಲಿ ಶಾಲು ಹೊದೆಸಿದರು ಎಂಬುದು ಅದರಲ್ಲಿಲ್ಲ. ಎದುರಿನ ಅರ್ಥಧಾರಿ ಕೇಳಿ, ನನಗೆ ಥಟ್ಟನೆ ಉತ್ತರ ಹೊಳೆಯದೆ ಹೋದ ಪ್ರಶ್ನೆಗಳನ್ನು ಮಾತ್ರ ಬರೆಯುವುದು. ‘ವಾಲಿವಧೆ’ಯಲ್ಲಿ ನನ್ನದು ರಾಮ. ಮರದ ಮರೆಯಿಂದ ಯಾಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆಂದು ಎಲ್ಲರಿಗೂ ಗೊತ್ತು, ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಆ ದಿನದ ವಾಲಿ ಅದನ್ನು ಬಿಟ್ಟು, ‘ಹೆಂಡತಿಯನ್ನು ಕಳಕೊಂಡವನಿಗೆ ಹೆಂಡತಿಯನ್ನು ಕಳಕೊಂಡವನೇ ಕಣ್ಣಿಗೆ ಬಿದ್ದನೋ? ನನ್ನ ಬಾಗಿಲೂ ತೆರೆದೇ ಇತ್ತಲ್ಲ’ ಎಂದುಬಿಟ್ಟರು. ನಾನು ತೊದಲುವಷ್ಟರಲ್ಲಿ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರು, ಬಚಾವಾದೆ. ಈ ವರ್ಷ ಅದೇ ಪ್ರಸಂಗ ಬಂದಾಗ ಉತ್ತರ ಇತ್ತು. ಒಳ್ಳೆಯ ಉತ್ತರವೋ ಎಂಬುದನ್ನು ಕೇಳಿದವರು ಹೇಳಬೇಕು. ಹಳೆಯ ಪ್ರಶ್ನೆಗಳಲ್ಲಿ ಎಷ್ಟರ ಮೇಲೆ ಗೆರೆ ಎಳೆಯಲಿಕ್ಕೆ ಆಯಿತು ಎಂದು ಪತ್ತನಾಜೆ ಹೊತ್ತಿಗೆ ಒಮ್ಮೆ ನೋಡುತ್ತೇನೆ. ಕತೆ ಬರೆಯುವವರಿಗೂ ಹಾಗೆ ಅಲ್ವಾ? ಈ ಪಾತ್ರ ಹೀಗೆ ಯಾಕೆ ಮಾಡಿತು ಎಂದು ಗೊತ್ತಾಗದೆ ಪೆನ್ನು ಕೆಳಗಿಟ್ಟ ಜಾಗ ಇರುತ್ತದಲ್ಲ, ಅದನ್ನು ಬರೆದಿಡಿ.

ಮೈಸೂರಿನಿಂದ:

ಇಡಲೇಬೇಕಾ ಅಂತ ಕೇಳಿದ್ರಲ್ಲ, ಬೇಡ ಅನ್ನೋನು ನಾನೊಬ್ಬ ಇರಲಿ. ಸರ್ಕಾರಿ ಕಚೇರಿಯಲ್ಲಿ ವರ್ಷ ವರ್ಷ ಕಾರ್ಯನಿರ್ವಹಣಾ ವರದಿ ಬರೆದು ಸಾಕಾಗಿದೆ, ಅದನ್ನ ಮನೆಗೂ ತರ್ಬೇಕಾ? ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಹಿಡಿದದ್ದು 1936ರಲ್ಲಿ, ಮುಗಿಸಿದ್ದು 1946ರಲ್ಲಿ. ಅಂದ್ರೆ ಸುಮಾರು 32ರಿಂದ 42ನೇ ವಯಸ್ಸಿನವರೆಗೆ, ಕಾಲೇಜಲ್ಲಿ ಪಾಠ ಮಾಡ್ಕೊಂಡೇ. ನಡುವಿನ ಯಾವುದಾದ್ರೂ ಡಿಸೆಂಬರಲ್ಲಿ ಪಟ್ಟಿ ಮಾಡಿದ್ರೆ ‘ಮಹಾಕಾವ್ಯ: ಈ ವರ್ಷವೂ ಬಾಕಿ’ ಅಂತ ಬರೀಬೇಕಿತ್ತು. ಅವರ ಜೊತೆ ನಮ್ಮನ್ನ ಹೋಲಿಸ್ಕೊಳ್ಳೋ ಮಾತಲ್ಲ ಇದು. 12 ತಿಂಗಳ ಅಳತೆ ಎಲ್ಲ ಕೆಲಸಕ್ಕೂ ಹೊಂದಲ್ಲ ಅಂತ ಅಷ್ಟೆ. ಈಜು ಕಲಿತದ್ದಕ್ಕೆ ಹೊಂದುತ್ತೆ, ಕತೆಗೆ ಹೊಂದಲ್ಲ.

ತುಮಕೂರಿನಿಂದ:

ಸಾರ್, ಅದೇ ಕುವೆಂಪು ತಮ್ಮ ಕವಿತೆಗಳ ಕೆಳಗೆ ತಾರೀಖು ಹಾಕ್ತಿದ್ರಲ್ಲ, ಅದು ಲೆಕ್ಕ ಅಲ್ವಾ?

ನನಗೆ 51. ಮುಟ್ಟು ನಿಲ್ಲೋ ಕಾಲ. ರಾತ್ರಿ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಕಾವು, ಬೆವರು, ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. (ಇದನ್ನ ಸಹಿಸ್ಕೊಂಡು ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಔಷಧಿ ಇದೆ.) ಇದರ ಮೇಲೆ ಅಪ್ಪನಿಗೆ ಮರೆವಿನ ಕಾಯಿಲೆ. ವೀಣೆಯ ಕವರ್ ತೆಗೆಯೋದಕ್ಕೂ ಆಗ್ಲಿಲ್ಲ. ಆದ್ರೆ ಅಪ್ಪ ಆಡಿದ ಮಾತನ್ನ ಅಡುಗೆಮನೆ ಕ್ಯಾಲೆಂಡರಿನ ಚೌಕಗಳಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಗೀಚಿಟ್ಟಿದ್ದೆ. ‘ಹಾಲು 1 ಲೀ.’, ಅದರ ಕೆಳಗೆ ‘ಕೆರೆ ಕೋಡಿ ಬಿತ್ತಾ ಅಂತ ಕೇಳಿದರು’. ಇನ್ನೊಂದು ಕಡೆ ‘ಹಾಲು ಬೇಡ ಅಂದಿದ್ದೆ. ನನ್ನನ್ನ ಅವರಮ್ಮ ಅಂದ್ಕೊಂಡು ಊಟ ಕೇಳಿದರು’. ಇದನ್ನ ಬರವಣಿಗೆ ಅಂತ ನಾನು ಅಂದ್ಕೊಂಡಿರಲಿಲ್ಲ. ಊರಿಂದ ಬಂದ ತಮ್ಮ ಹಾಳೆ ತಿರುಗಿಸ್ತಾ ತಿರುಗಿಸ್ತಾ ಕಾಫಿ ಆರೋವರೆಗೂ ಓದಿದ. ಹಳೇ ಕ್ಯಾಲೆಂಡರ್ ಅವನೇ ತಗೊಂಡು ಹೋದ.

ಅಕ್ಕ, ಅತ್ತೆಯ ಆಪರೇಷನ್ನನ್ನ ಪಟ್ಟಿಯಲ್ಲಿ ಕೊನೆಗೆ ಹಾಕಿದೀರಿ, ಅದನ್ನ ಮೊದಲಿಗೆ ತನ್ನಿ. ಆಪರೇಷನ್ ಮಾಡೋದು ಡಾಕ್ಟರು. ಆಮೇಲೆ ವಾರಗಟ್ಟಲೆ ನೋವು ನೋವು ಅಂತ ಕೂಗಾಡೋರಿಗೆ ಮಂಡಿ ಮಡಚೋ ವ್ಯಾಯಾಮ ಮಾಡಿಸೋದು, ವಾಕರ್ ಹಿಡಿಸಿ ಬಾತ್‌ರೂಮಿಗೆ ನಡೆಸೋದು ಯಾರ ಪಾಲಿಗೆ ಬಂತು ಅಂತ ಇಲ್ಲಿರೋ ಹೆಂಗಸರಿಗೆಲ್ಲ ಗೊತ್ತು.

ಧಾರವಾಡದ ಅಕ್ಕ, ಆ ಬಟ್ಟೆ ಎಲ್ಲಿ ಸಿಗುತ್ತೆ? ನನಗೂ ಕಲಿಯೋ ಆಸೆ.

ಶಿವಮೊಗ್ಗದಿಂದ:

ಕತೆಗಾರ್ತಿಗೆ ಮಾತ್ರ ಒಂದು ಸಲಹೆ. ಅಚ್ಚಾದ ಒಂದು ಕತೆಯನ್ನಷ್ಟೇ ಎಣಿಸಬೇಡಿ. ಬರೆದದ್ದೆಷ್ಟು, ಅರ್ಧಕ್ಕೆ ನಿಂತದ್ದೆಷ್ಟು, ಸುಧಾ, ತರಂಗ, ಮಯೂರ ಅಂತ ಯಾವುದಕ್ಕೆ ಯಾವತ್ತು ಕಳಿಸಿದಿರಿ, ಏನಾಯ್ತು, ಎಲ್ಲಕ್ಕೂ ಒಂದು ರಿಜಿಸ್ಟರ್ ಇಡಿ. ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕಾ! ಒಂದು ಕಡೆಯಿಂದ ಉತ್ತರ ಬರೋ ತನಕ ಅದೇ ಕತೆಯನ್ನ ಇನ್ನೊಂದು ಕಡೆ ಕಳಿಸಬೇಡಿ. ವಿಶೇಷಾಂಕಕ್ಕಾದರೆ ಹಬ್ಬಕ್ಕೆ ಸಾಕಷ್ಟು ಮೊದಲೇ ಕಳಿಸಬೇಕು. ವಾಪಸ್ ಬಂದ ಕತೆಯನ್ನ ಆರು ತಿಂಗಳು ಬಿಟ್ಟು ಓದಿ ನೋಡಿ. ಕೆಲವು ಸಲ ಸಂಪಾದಕರು ಸರಿ, ಕೆಲವು ಸಲ ನಾವು.

ಧಾರವಾಡದಿಂದ ಮತ್ತೆ:

ತಂಗೀ, ಕಸೂತಿ ಸಾಮಾನು ಮಾರೂ ಅಂಗಡ್ಯಾಗ ಮ್ಯಾಟಿ ಅಂತ ಕೇಳು, ಕೊಡ್ತಾರ. ಎಳಿ ಬಿಡಿಬಿಡಿ ಕಾಣ್ತಾವ, ಎಣಸಲಿಕ್ಕೆ ಸಲೀಸು. ಬಿಳಿ ಬಟ್ಟಿ, ಕೆಂಪು ದಾರ ತಗೋ, ಮೊದಲ ಗವಂತಿ ಒಂದ ಕಲಿ. ಕಸೂತಿ ಹಾಕಿದ ಕರೀ ಚಂದ್ರಕಾಳಿ ಸೀರಿ ನೋಡಿ ಆಸೆ ಆಗಿ ಕರೀ ಬಟ್ಟಿಗೆ ಮಾತ್ರ ಈಗ ಕೈ ಹಾಕಬ್ಯಾಡ. ಅದರಾಗ ಎಳಿ ಹುಡುಕೂದು ನನಗೂ ಇನ್ನೂ ಆಗವಲ್ದು.