ಪದಚರ್ಚೆ: ಆಸ್ಪತ್ರೆ ಹತ್ತಿರ ಊಟ ಬಡಿಸುವುದಕ್ಕೆ ಏನನ್ನಬೇಕು?

ಪ್ರಶ್ನೆ, ದಾವಣಗೆರೆಯಿಂದ

ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ನಮ್ಮ ಚರ್ಚಿನ ಸಭೆಯವರು ಭಾನುವಾರ ಆರಾಧನೆ ಮುಗಿಸಿ ಜಿಲ್ಲಾ ಆಸ್ಪತ್ರೆ ಹತ್ತಿರ ಅನ್ನ ಸಾರು ಬಡಿಸುತ್ತೇವೆ. ಬರುವವರಲ್ಲಿ ರೋಗಿಗಳ ಕಡೆಯವರೇ ಜಾಸ್ತಿ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಬಂದು ಆಸ್ಪತ್ರೆಯಲ್ಲೇ ರಾತ್ರಿ ಕಳೆಯುವವರು. ಫ್ಲೆಕ್ಸ್ ಅಂಗಡಿಯವರು ‘ಬಡವರಿಗೆ ಉಚಿತ ಆಹಾರ ವಿತರಣೆ’ ಅಂತ ಡಿಸೈನ್ ಕಳಿಸಿದ್ದಾರೆ. ನನಗೆ ಹಿಡಿಸಲಿಲ್ಲ. ಕೆಲವು ಹೆಂಗಸರು ಅಡಿಕೆ ತಟ್ಟೆಯನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಹೋಗಿ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಉಣ್ಣುತ್ತಾರೆ. ಆ ಬೋರ್ಡು ಬಂದರೆ ಅವರು ಬರುವುದೇ ಇಲ್ಲ. ಸುವಾರ್ತೆಯಲ್ಲಿ ಓದಿದ್ದನ್ನು ಸ್ವಲ್ಪವಾದರೂ ನಡೆಸೋಣ ಅಂತ ಶುರು ಮಾಡಿದ ಕೆಲಸ ಇದು. ‘ಪರಿಚರ್ಯೆ’ ಅಂದರೆ ಯಾರಿಗೂ ತಿಳಿಯಲ್ಲ. ‘ಸೇವೆ’ ಸಪ್ಪೆ. ಕೆಳಗೆ ಹಣ ಕೊಟ್ಟವರ ಹೆಸರಿಗೆ ‘ದಾನಿಗಳು’ ಅಂತ ಹಾಕಬಹುದಾ? ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ.

ಉತ್ತರ, ಚಿತ್ರದುರ್ಗದಿಂದ

ದಾಸೋಹ. ನಮ್ಮ ಸೀಮೆಯಲ್ಲಿ ಚಿಕ್ಕ ಮಗುವಿಗೂ ಗೊತ್ತು. ಇದರಲ್ಲಿ ಚರ್ಚೆ ಏನಿದೆ?

ಉತ್ತರ, ಹರಿಹರದಿಂದ

ಚರ್ಚೆ ಇದೆ. ದಾಸ ಸಂಸ್ಕೃತ, ಅಹಂ ಸಂಸ್ಕೃತ. ಆಹಾರ, ವಿತರಣೆ, ಸೇವೆ, ದಾನ ಎಲ್ಲವೂ ಅದೇ. ಉಣ್ಣುವುದಕ್ಕೂ ನಮ್ಮಲ್ಲಿ ಪದ ಇಲ್ಲವೇ? ‘ಕೂಳು’ ಅಚ್ಚಗನ್ನಡ. ಹಳಗನ್ನಡದಲ್ಲಿ ಕೂೞ್. ತಮಿಳರು ಇವತ್ತಿಗೂ ಗಂಜಿಗೆ ಅದನ್ನೇ ಹೇಳುತ್ತಾರೆ. 1894ರ ಕಿಟೆಲ್ ನಿಘಂಟು ತೆಗೆದು ನೋಡಿ, ಬೇಯಿಸಿದ ಅನ್ನ ಅಂತಲೇ ಅರ್ಥ. ‘ಕೂಳುಮನೆ’ ಎಂದು ಬರೆಸಿ. ಸಾಲದ ಪದ ಸಾಕು.

ಉತ್ತರ, ಹೊಳಲ್ಕೆರೆಯಿಂದ

‘ಕೂಳುಮನೆ’ ಬೇಡವೇ ಬೇಡ. ಬೇರು ಗಟ್ಟಿಯಾಗಿದೆ, ಒಪ್ಪಿದೆ. ಆದರೆ ‘ಕೂಳಿಗೆ ಗತಿಯಿಲ್ಲದವನು’ ಅನ್ನುವುದು ಇವತ್ತು ಬೈಗುಳ. ಗಂಡನನ್ನು ವಾರ್ಡಿನಲ್ಲಿ ಮಲಗಿಸಿ ಬಂದವಳ ತಲೆಯ ಮೇಲೆ ಆ ಪದ ತೂಗುಹಾಕುತ್ತೀರಾ?

ಅಚ್ಚಗನ್ನಡವೇ ಆಗಬೇಕು ಅಂದರೆ ಚರ್ಚಿನ ಕನ್ನಡದಲ್ಲಿ ಏನು ಉಳಿಯುತ್ತದೆ? ಪಾದ್ರಿ ಪೋರ್ಚುಗೀಸರಿಂದ ಬಂತು. ಶಿಲುಬೆಯ ಮೂಲ ಸಿರಿಯಾಕ್. ಗ್ರೀಕಿನವರು ‘ಒಳ್ಳೆಯ ಸುದ್ದಿ’ ಅಂದದ್ದು ಇಲ್ಲಿ ಸಂಸ್ಕೃತದ ಬಟ್ಟೆ ತೊಟ್ಟು ಸುವಾರ್ತೆಯಾಯಿತು. ಕ್ಯಾಥೊಲಿಕರಲ್ಲಿ ಅದೇ ಶುಭಸಂದೇಶ. ನೀವು ಸಾಕ್ಷಿಗೆ ಕರೆದ ಕಿಟೆಲ್ ಕೂಡ ಬಾಸೆಲ್ ಮಿಷನ್ನಿನ ಪಾದ್ರಿ. ಹೊರಗಿನಿಂದ ಬಂದವರು ಇಲ್ಲಿಯ ಪದ ಕಲಿತು, ಪ್ರೀತಿಯಿಂದ ಕೂಡಿಟ್ಟರು. ನಾವು ಪಕ್ಕದ ಮಠದ ಪದ ಮುಟ್ಟಬಾರದಾ?

ಈಗ ಮೂಲಕ್ಕೆ ಬರೋಣ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ಯೆರೂಸಲೇಮಿನಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು ಗೊಣಗಾಟ ಎದ್ದಿತು. ಹೀಬ್ರೂ ಮಾತಿನವರ ಮೇಲೆ ದೂರು. ಆಗ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ತಿಮೋನ, ಹೀಗೆ ಏಳೂ ಗ್ರೀಕ್ ಹೆಸರು. ದೂರು ಹೇಳಿದವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ಕಾಣುತ್ತದೆ. ನನಗೆ ಬಹಳ ಇಷ್ಟವಾದ ಭಾಗ ಇದು. ಅಲ್ಲಿ ಊಟ ಹಂಚುವುದಕ್ಕೂ ವಾಕ್ಯ ಸಾರುವುದಕ್ಕೂ ಒಂದೇ ಗ್ರೀಕ್ ಪದ, ದಿಯಕೊನಿಯ. ಲೂಕ 22:27ರಲ್ಲಿ ಯೇಸು ಕೇಳುತ್ತಾನೆ, ಊಟಕ್ಕೆ ಕೂತವನು ದೊಡ್ಡವನೋ, ಬಡಿಸುವವನೋ ಎಂದು. ಕೂತವನೇ ಅಲ್ವಾ, ಆದರೆ ನಾನು ನಿಮ್ಮ ನಡುವೆ ಬಡಿಸುವವನ ಹಾಗಿದ್ದೇನೆ ಅನ್ನುತ್ತಾನೆ. ಅಲ್ಲೂ ಅದೇ ಪದದ ಕ್ರಿಯಾರೂಪ.

ದಾಸೋಹ ಅಂದರೆ ‘ನಾನು ಆಳು’. ಬಡಿಸುವವನೇ ಚಿಕ್ಕವನು. ದಾನದಲ್ಲಿ ಕೊಡುವ ಕೈ ಮೇಲೆ, ತಗೊಳ್ಳುವ ಕೈ ಕೆಳಗೆ. ಆದ್ದರಿಂದ ‘ದಾನಿಗಳು’ ಬೇಡ. ಆ ಪಟ್ಟಿಯೇ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯ 6:3ರಲ್ಲಿ ಓದಿ, ಹೆಸರುಗಳನ್ನು ಫ್ಲೆಕ್ಸಿಗೆ ಹಾಕುವುದು ಹೇಗೆ? ‘ಬಡವರಿಗೆ’, ‘ಉಚಿತ’ ಎರಡನ್ನೂ ಹೊಡೆದುಹಾಕಿ.

ಉತ್ತರ, ಚಿತ್ರದುರ್ಗದಿಂದ

ಪದ ಹೇಳಿದವನು ನಾನೇ, ಹಾಗಾಗಿ ಇದನ್ನೂ ಹೇಳಬೇಕು. ದಾಸೋಹ ಬರೀ ಊಟ ಅಲ್ಲ. ಅದರ ಹಿಂದೆ ಕಾಯಕ ಇರಬೇಕು. ತಾನು ದುಡಿದದ್ದರಲ್ಲಿ ಕೊಡಬೇಕು. ಸುಮ್ನೆ ಚಂದಾ ಎತ್ತಿ ಅನ್ನ ಹಾಕಿ ದಾಸೋಹ ಅಂದರೆ ನನಗೆ ಸಿಟ್ಟು ಬರುತ್ತದೆ. ಪದ ತಗೊಂಡು ಹೋಗಿ, ಬೇಡ ಅನ್ನಲ್ಲ. ಅದರ ಹೊಣೆಯನ್ನೂ ಹೊತ್ತುಕೊಂಡು ಹೋಗಿ.

ಉತ್ತರ, ಹೊಳಲ್ಕೆರೆಯಿಂದ

ನ್ಯಾಯವಾದ ಮಾತು ಸರ್. ಮಾರ್ಕನ 12ನೇ ಅಧ್ಯಾಯದ ವಿಧವೆ ಹಾಕಿದ್ದು ಎರಡೇ ಕಾಸು. ಉಳಿದವರು ಮಿಕ್ಕಿದ್ದರಲ್ಲಿ ಹಾಕಿದರು, ಅವಳು ತನ್ನ ಜೀವನಕ್ಕಿದ್ದದ್ದನ್ನೇ ಹಾಕಿದಳು. ಲೂಕ 14ರಲ್ಲಿ ಇನ್ನೂ ಖಡಕ್ ಮಾತಿದೆ. ಊಟಕ್ಕೆ ನೆಂಟರನ್ನೂ ಸಿರಿವಂತ ನೆರೆಯವರನ್ನೂ ಕರೆಯಬೇಡ, ಅವರು ತಿರುಗಿ ನಿನ್ನನ್ನು ಕರೆದುಬಿಡುತ್ತಾರೆ. ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಎಂದು. ನಮ್ಮ ಮದುವೆಗಳಲ್ಲಿ ಮುಯ್ಯಿ ಬರೆದಿಡುವವರಿಗೆ ಇದು ನುಂಗಲಾರದ ತುತ್ತು. ಮುಯ್ಯಿ ಬರೆಯದ ಊಟ ಹಾಕುವುದಾದರೆ ಮಾತ್ರ ಈ ಪದ ಬರೆಸಿ.

ಉತ್ತರ, ಹರಿಹರದಿಂದ

ಸಾಲಕ್ಕೆ ಎಷ್ಟು ಸಮರ್ಥನೆ ಕೊಟ್ಟರೂ ಸಾಲ ಸಾಲವೇ. ‘ಊಟಕ್ಕೆ ಬನ್ನಿ’ ಎಂದು ಬರೆಸಿ. ಇದರಲ್ಲಿ ಸಂಸ್ಕೃತ ಇಲ್ಲ, ಬೈಗುಳವೂ ಇಲ್ಲ. ನನ್ನ ಮಾತು ಮುಗಿಯಿತು.

ಕೇಳಿದವರು, ದಾವಣಗೆರೆಯಿಂದ

ಎಲ್ಲರಿಗೂ ವಂದನೆ. ‘ಊಟಕ್ಕೆ ಬನ್ನಿ’ ದೊಡ್ಡಕ್ಷರದಲ್ಲಿ ಹೋಗುತ್ತಿದೆ. ಹರಿಹರದ ಸರ್, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. ‘ದಾಸೋಹ’ ಈ ಸಲ ಹಾಕಿಸುತ್ತಿಲ್ಲ. ನಮ್ಮದು ಇನ್ನೂ ಚಂದಾ ಎತ್ತಿ ನಡೆಸುವ ಊಟ. ಮುಂದಿನ ವಾರದಿಂದ ಪ್ರತಿ ಮನೆಯವರೂ ತಮ್ಮ ದುಡಿಮೆಯ ಅಕ್ಕಿ ತರಬೇಕು, ಬಡಿಸಿದ ಮೇಲೆ ಬಂದವರ ಜೊತೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು ಎಂದು ಸಭೆಯಲ್ಲಿ ಕೇಳುತ್ತೇನೆ. ಹೆಸರಿನ ಪಟ್ಟಿ ತೆಗೆಸಿದ್ದೇನೆ. ಹಣ ಕೊಟ್ಟವರಲ್ಲಿ ಇಬ್ಬರಿಗೆ ಬೇಜಾರಾಗಿದೆ, ಸಂಜೆ ಅವರ ಮನೆಗೆ ಹೋಗಿ ಮಾತಾಡಬೇಕು.