ಊರಿನ ಪುಟ, ವಿಕಿಪೀಡಿಯ ಮತ್ತು ನಮ್ಮ ಮನೆ ಗುಂಪಿನ ಜಗಳ

(ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬಿಟ್ಟು ಸಂಬಂಧ ಮಾತ್ರ ಉಳಿಸಿದ್ದೇನೆ. ಶಹಾಪುರ ತಾಲೂಕಿನ ನಮ್ಮೂರಿನ ಹೆಸರನ್ನೂ ಬಿಟ್ಟಿದ್ದೇನೆ.)

ತಂಗಿ: (ಸ್ಕ್ರೀನ್‌ಶಾಟ್) ನಿನ್ನೆ ದಿನಪೂರ್ತಿ ಕೂತು ಕನ್ನಡ ವಿಕಿಪೀಡಿಯದಲ್ಲಿ ನಮ್ಮೂರಿನ ಪುಟಕ್ಕೆ ಬರೆದಿದ್ದೆ. ಗುಡಿ, ಜಾತ್ರೆ, ಕೆರೆ ಎಲ್ಲಾ. ಬೆಳಿಗ್ಗೆ ನೋಡಿದರೆ ಏನೂ ಇಲ್ಲ. ಮೊದಲಿದ್ದ ಎರಡು ಸಾಲು ಮಾತ್ರ ಇವೆ. ನನ್ನ ಚರ್ಚೆಪುಟದಲ್ಲಿ (ಬೇರೆಯವರು ನನಗೆ ಸಂದೇಶ ಬರೆಯುವ ಪುಟ) ಈ ಬಾಕ್ಸ್ ಬಂದಿದೆ. ಹಕ್ಕುಸ್ವಾಮ್ಯ ಉಲ್ಲಂಘನೆ ಅಂತೆ. ಕೇಸ್ ಹಾಕುತ್ತಾರಾ?

ಕಾಕಾ: ಯಾರವನು ತೆಗೆದವನು? ನಮ್ಮೂರಿನ ಬಗ್ಗೆ ನಮಗಿಂತ ಜಾಸ್ತಿ ಅವನಿಗೆ ಗೊತ್ತೇನು? ಹುಡುಗಿ ಪರೀಕ್ಷೆ ಓದುವುದು ಬಿಟ್ಟು ಇದಕ್ಕೆ ಕೂತಿದ್ದಳು.

ಅತ್ತಿ: ಅಯ್ಯೋ ಪಾಪ. ಊಟ ಕೂಡ ಮಾಡಿರಲಿಲ್ಲ ಅವಳು.

ನಾನು: ಕೇಸ್ ಗೀಸ್ ಏನೂ ಇಲ್ಲ ತಂಗೀ, ಹೆದರಬೇಡ. ಪುಟದ ಮೇಲೆ "ಇತಿಹಾಸ" ಅಂತ ಇರುತ್ತದೆ, ಅದನ್ನು ಒತ್ತು. ಸಾಮಾನ್ಯವಾಗಿ ವಿಕಿಪೀಡಿಯದಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆಗೆದರೂ ಹಳೆಯ ಆವೃತ್ತಿ ಅಲ್ಲೇ ಉಳಿದಿರುತ್ತದೆ. ಕದ್ದ ಬರಹ ಅಂತ ಗೊತ್ತಾದರೆ ನಿರ್ವಾಹಕರು (ಪುಟ ಅಳಿಸುವಂಥ ಹೆಚ್ಚಿನ ಅಧಿಕಾರ ಇರುವ ಸ್ವಯಂಸೇವಕರು) ಅದನ್ನು ಮುಚ್ಚಿಡಬಹುದು, ಆದರೆ ನಿನ್ನದು ಇನ್ನೂ ಕಾಣಿಸುತ್ತಿದೆ. ನಾನು ಈಗಷ್ಟೇ ಓದಿದೆ.

ತಂಗಿ: ಹೌದು ಅಣ್ಣಾ, ಸಿಕ್ಕಿತು. ಮತ್ತೆ ಹಾಕಿಬಿಡಲಾ?

ಅಣ್ಣ (ಪುಣೆ): ಬೇಡ. ಗುಡಿಯ ಬಗ್ಗೆ ಇರುವ ಆ ಮೂರು ಪ್ಯಾರಾ ಒಂದು ಪ್ರವಾಸದ ವೆಬ್‌ಸೈಟಿನಿಂದ ಹಾಗೇ ಎತ್ತಿದ್ದು. ಒಂದು ಸಾಲು ಗೂಗಲ್‌ನಲ್ಲಿ ಹಾಕಿದೆ, ಮೊದಲೇ ಸಿಕ್ಕಿತು. ಫೋಟೋ ಯಾವುದೋ ಪೇಪರಿನದು, ಮೂಲೆಯಲ್ಲಿ ಹೆಸರೇ ಇದೆ. ತೆಗೆದವರು ಸರಿಯಾಗೇ ತೆಗೆದಿದ್ದಾರೆ. ಇದರಲ್ಲಿ ಚರ್ಚೆಗೆ ಏನಿದೆ?

ಕಾಕಾ: ನೆಟ್‌ನಲ್ಲಿ ಇದ್ದದ್ದನ್ನೇ ನೆಟ್‌ನಲ್ಲಿ ಹಾಕಿದ್ದಾಳೆ. ಯಾರ ಗಂಟು ಹೋಯಿತು?

ನಾನು: ಕಾಕಾ, ಅಲ್ಲೇ ವಿಷಯ ಇರುವುದು. ವಿಕಿಪೀಡಿಯದಲ್ಲಿ ನೀವು ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು. ಪುಸ್ತಕ ಮಾಡಿ ಮಾರಲೂಬಹುದು, ಮೂಲ ಯಾವುದು ಅಂತ ಹೇಳಿ ಅದೇ ಲೈಸೆನ್ಸ್ (ಬಳಕೆಯ ಒಪ್ಪಿಗೆ) ಅಡಿಯಲ್ಲಿ ಕೊಟ್ಟರೆ ಸಾಕು. "ಪ್ರಕಟಿಸಿ" ಅನ್ನುವುದನ್ನು ಒತ್ತಿದಾಗ ನಾವು ಆ ಹಕ್ಕನ್ನು ಲೋಕಕ್ಕೆಲ್ಲ ಬಿಟ್ಟುಕೊಡುತ್ತೇವೆ. ನಮ್ಮದಲ್ಲದ್ದನ್ನು ನಾವು ಹೇಗೆ ಬಿಟ್ಟುಕೊಡುವುದು? ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೂ ಬರಹದ ಹಕ್ಕು ಅವರದು, ಅವರ ಮನೆಯವರದು. ಅದಕ್ಕೇ ಅಷ್ಟು ಕಟ್ಟುನಿಟ್ಟು. ಗುಡಿಯ ಪ್ಯಾರಾ ತೆಗೆದದ್ದು ಸರಿ, ನಾನಾಗಿದ್ದರೂ ತೆಗೆಯುತ್ತಿದ್ದೆ.

ಆದರೆ ಅಣ್ಣಾ, ಉಳಿದದ್ದನ್ನು ಓದಿದೆಯಾ? ಕೆರೆಯ ಬಗ್ಗೆ, ಜಾತ್ರೆಯಲ್ಲಿ ಯಾವ ಓಣಿಯವರು ಏನು ಮಾಡುತ್ತಾರೆ ಅನ್ನುವುದರ ಬಗ್ಗೆ ಅವಳದೇ ಮಾತಿನಲ್ಲಿ ಬರೆದದ್ದು ಇದೆ. ಎಷ್ಟು ಸೊಗಸಾಗಿದೆ. ಅದಕ್ಕೆ ಆಧಾರ (ಪುಸ್ತಕ, ಪತ್ರಿಕೆಯಂಥ ಮೂಲ) ಇಲ್ಲ, ನಿಜ. ಆಧಾರ ಕೇಳಬಹುದಿತ್ತು ಅಲ್ವಾ? ಒಂದೇ ಏಟಿಗೆ ಎಲ್ಲಾ ತೆಗೆದು, ಚರ್ಚೆಪುಟದಲ್ಲಿ ಎಲ್ಲರಿಗೂ ಹಾಕುವ ಸಿದ್ಧ ಎಚ್ಚರಿಕೆ, ಅಂದರೆ ಟೆಂಪ್ಲೇಟ್, ಅಂಟಿಸಿ ಹೋಗಿದ್ದಾರೆ. ಆ ಟೆಂಪ್ಲೇಟ್‌ನ ಭಾಷೆ ನೋಡು. ಮೊದಲ ಸಲ ಬರೆದ ಹುಡುಗಿ "ಕೇಸ್ ಹಾಕುತ್ತಾರಾ" ಅಂತ ಕೇಳುತ್ತಿದ್ದಾಳೆ. ಯಾವುದು ತಪ್ಪು, ಯಾವುದು ಉಳಿಸಬಹುದು ಅಂತ ಎರಡು ಸಾಲು ಕೈಯಾರೆ ಬರೆಯಲು ಎಷ್ಟು ಹೊತ್ತು ಬೇಕು?

ಅಣ್ಣ (ಪುಣೆ): ಇತ್ತೀಚಿನ ಬದಲಾವಣೆಗಳನ್ನು ನೋಡುವವರು ಎಷ್ಟು ಜನ ಇದ್ದಾರೆ ಹೇಳು. ಕನ್ನಡದಲ್ಲಿ ನಿರ್ವಾಹಕರು ಬೆರಳೆಣಿಕೆಯಷ್ಟು. ಅವರಿಗೂ ನೌಕರಿ, ಮನೆ ಇದೆ. ಸಂಬಳ ಇಲ್ಲ. ಕೊಳೆ ತೆಗೆಯುವುದೇ ಸಾಕಾಗಿರುತ್ತದೆ. ಒಬ್ಬೊಬ್ಬರ ಪಕ್ಕ ಕೂತು ಪಾಠ ಹೇಳು ಅಂದರೆ ಅವರೂ ಬಿಟ್ಟು ಹೋಗುತ್ತಾರೆ. ಹಾಗೆ ಹೋದವರು ಇದ್ದಾರೆ.

ಕಾಕಾ: ಸಂಬಳ ಇಲ್ಲವಾ? ಮತ್ತೆ ಆ ಕಂಪನಿ ದುಡ್ಡು ಕೊಡಿ ಅಂತ ಮೇಲೆ ಬ್ಯಾನರ್ ಹಾಕುತ್ತದಲ್ಲ.

ನಾನು: ಅದು ಕಂಪನಿ ಅಲ್ಲ ಕಾಕಾ. ವಿಕಿಮೀಡಿಯ ಫೌಂಡೇಶನ್ ಅಂತ ಲಾಭಕ್ಕಲ್ಲದ ಸಂಸ್ಥೆ, ಅಮೆರಿಕದ್ದು. ಸರ್ವರ್, ಸಾಫ್ಟ್‌ವೇರ್, ಕಾನೂನು ಅವರು ನೋಡಿಕೊಳ್ಳುತ್ತಾರೆ. ಜಾಹೀರಾತು ಇಲ್ಲ, ಅದಕ್ಕೇ ದೇಣಿಗೆ ಕೇಳುತ್ತಾರೆ. ಲೇಖನ ಬರೆಯುವುದು, ತಿದ್ದುವುದು ಎಲ್ಲಾ ನಮ್ಮಂಥ ಜನ. ದುಡ್ಡು ತಗೊಂಡು ಯಾರದಾದರೂ ಪರವಾಗಿ ಬರೆದರೆ ಅದನ್ನು ಬಹಿರಂಗವಾಗಿ ಹೇಳಲೇಬೇಕು ಅಂತ ನಿಯಮವೇ ಇದೆ.

ಅಣ್ಣಾ, ನೀನು ಹೇಳಿದ್ದನ್ನೇ ನಾನು ತಿರುಗಿಸಿ ಕೇಳುತ್ತೇನೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4 ಕೋಟಿ 37 ಲಕ್ಷ ಜನ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇಷ್ಟು ವರ್ಷದ ಮೇಲೂ ಕೊಳೆ ತೆಗೆಯಲು ಜನ ಇಲ್ಲ ಅಂದರೆ, ಬಂದವರು ಯಾಕೆ ಉಳಿಯಲಿಲ್ಲ ಅಂತ ಯಾರಾದರೂ ಕೇಳಬೇಕಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲೇ 2007ರ ನಂತರ ಸಕ್ರಿಯ ಸಂಪಾದಕರು ಕಡಿಮೆಯಾಗುತ್ತಾ ಹೋದರು. ಯಾಕೆ ಅಂತ ಸಂಶೋಧಕರು ಹುಡುಕಿ 2013ರಲ್ಲಿ ಪ್ರಕಟಿಸಿದರು. ಒಳ್ಳೆ ಮನಸ್ಸಿನಿಂದ ಬರೆದ ಹೊಸಬರ ಬರಹ ಕೂಡ ಜಾಸ್ತಿ ಜಾಸ್ತಿ ತಿರಸ್ಕಾರವಾಗುತ್ತಿತ್ತು, ಅದೂ ಟೂಲ್ ಬಳಸಿ, ಮಾತಿಲ್ಲದೆ. ಅಂಥವರು ಮತ್ತೆ ಬರಲಿಲ್ಲ. ನಾಳೆ ಕೊಳೆ ತೆಗೆಯಬೇಕಾದ ಜನ ಅವರೇ ಆಗಿದ್ದರು.

ಅಣ್ಣ (ಪುಣೆ): ಇಂಗ್ಲಿಷಿನ ಕಥೆ ಬೇರೆ.

ನಾನು: ಬೇರೆಯೇ. ಅವರಲ್ಲಿ ಹತ್ತು ಜನ ಹೋದರೂ ಇನ್ನೂ ಸಾವಿರಾರು ಜನ ಉಳಿಯುತ್ತಾರೆ. ನಮಗೆ ಯಾದಗಿರಿ ಜಿಲ್ಲೆಯಿಂದ ಒಬ್ಬಳು ಬಂದಿದ್ದಾಳೆ, ಅವಳೂ ಹೋದರೆ ಬೋನಾಳ ಕೆರೆಯ ಹಕ್ಕಿಗಳ ಬಗ್ಗೆ, ಮುದನೂರಿನ ಬಗ್ಗೆ ಯಾರು ಬರೆಯುತ್ತಾರೆ? ಬೆಂಗಳೂರಿನವರು ಬಂದು ಬರೆಯಲಿ ಅಂತ ಕಾಯುವುದಾ?

ಅಕ್ಕ (ಬೀದರ್): ಈಗಷ್ಟೇ ಎಲ್ಲಾ ಓದಿದೆ. ತಮ್ಮಾ, ಇದು ನಮ್ಮ ಕಾಲೇಜಿಗೆ ಒಳ್ಳೆ ಕೆಲಸ. ನನ್ನ ಕ್ಲಾಸಿನಲ್ಲಿ 60 ಹುಡುಗರಿದ್ದಾರೆ. ಬೀದರ್ ಕೋಟೆ, ಗವಾನ್ ಮದರಸಾ, ನೌಬಾದಿನ ಸುರಂಗ ಬಾವಿ, ಬಿದ್ರಿ ಕೆಲಸ, ಜಲಸಂಗಿ ಗುಡಿ. ಒಬ್ಬೊಬ್ಬರಿಗೆ ಒಂದೊಂದು ಲೇಖನ ಕೊಟ್ಟು ಇಂಟರ್ನಲ್ ಮಾರ್ಕ್ಸ್ ಇಡೋಣವಾ?

ಅಣ್ಣ (ಪುಣೆ): ಅಕ್ಕಾ, ದಯವಿಟ್ಟು ಬೇಡ. ನಾನಿರುವ ಊರಿನಲ್ಲೇ ಇದು ಆಗಿಹೋಗಿದೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ಕಾರ್ಯಕ್ರಮ ಮಾಡಿದರು. ನೂರಾರು ವಿದ್ಯಾರ್ಥಿಗಳು. ಮಾರ್ಕ್ಸಿಗಾಗಿ ಪುಸ್ತಕ, ವೆಬ್‌ಸೈಟ್ ನೋಡಿ ನಕಲು ಹೊಡೆದು ಸುರಿದರು. ಅದನ್ನು ಹುಡುಕಿ ತೆಗೆಯಲು ಲೋಕದ ಬೇರೆ ಬೇರೆ ಕಡೆಯ ಸ್ವಯಂಸೇವಕರು ಒದ್ದಾಡಿದರು. ಆ ವರ್ಷವೇ ಅದನ್ನು ನಿಲ್ಲಿಸಬೇಕಾಯಿತು. ನಾನು ಕಟ್ಟುನಿಟ್ಟು ಅನ್ನುವುದು ಇದಕ್ಕೇ.

ನಾನು: ಪುಣೆಯ ಉದಾಹರಣೆ ನೀನೇ ತಂದದ್ದು ಒಳ್ಳೆಯದಾಯಿತು. ಅಲ್ಲಿ ಕೆಟ್ಟದ್ದು ಏನು? ಹುಡುಗರು ಕೆಟ್ಟವರಾಗಿರಲಿಲ್ಲ. ಅಷ್ಟು ಜನಕ್ಕೆ ಹೇಳಿಕೊಡುವವರು ತೀರ ಕಡಿಮೆ, ಹೇಳಿಕೊಡಬೇಕಾದವರಲ್ಲೂ ಬಹಳ ಜನ ಆಗಷ್ಟೇ ಕಲಿತವರು. ಸ್ವಂತ ಮಾತಿನಲ್ಲಿ ಬರೆಯುವುದು ಅಂದರೆ ಏನು ಅಂತ ನಮ್ಮ ಕಾಲೇಜುಗಳಲ್ಲಿ ಯಾರೂ ಕಲಿಸುವುದಿಲ್ಲ. ಪ್ರಾಜೆಕ್ಟ್ ಅಂದರೆ ನಕಲು ಅಂತಲೇ ಬೆಳೆದವರು ನಾವು. ಹೊಲಕ್ಕೆ ಹೊಸದಾಗಿ ಬಂದ ಆಳಿಗೆ ಕಳೆ ಯಾವುದು ತೊಗರಿ ಯಾವುದು ಅಂತ ತೋರಿಸದೆ ಬಿಟ್ಟರೆ ಕಾಕಾ ಯಾರಿಗೆ ಬೈಯುತ್ತಾರೆ?

ಕಾಕಾ: ತೋರಿಸದವನಿಗೆ.

ನಾನು: ಅಷ್ಟೇ. ಅಕ್ಕಾ, 60 ಜನ ಬೇಡ. ಮಾರ್ಕ್ಸ್ ಬೇಡವೇ ಬೇಡ. ಆಸೆ ಇರುವ ಐದು ಜನರನ್ನು ಕರೆ. ಮೊದಲ ವಾರ ಹೊಸ ಲೇಖನದ ಮಾತೇ ಎತ್ತಬೇಡ. ಈಗಾಗಲೇ ಇರುವ ಪುಟದಲ್ಲಿ ಕಾಗುಣಿತ ತಿದ್ದಲಿ. ಒಂದು ವಾಕ್ಯಕ್ಕೆ ಒಂದು ಆಧಾರ ಸೇರಿಸಲಿ. ಏನು ಮಾಡಿದೆ ಅಂತ ಸಾರಾಂಶದಲ್ಲಿ ಬರೆಯುವುದು ಕಲಿಯಲಿ. ಟೈಪಿಂಗ್ ಬರದಿದ್ದರೆ ವಿಕಿಯಲ್ಲೇ ಲಿಪ್ಯಂತರಣ ಇದೆ (ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ), ಇನ್‌ಸ್ಕ್ರಿಪ್ಟ್ ಕೀಲಿಮಣೆ ಕೂಡ ಇದೆ. ದೊಡ್ಡದು ಬರೆಯುವುದಾದರೆ ತಮ್ಮ ಪ್ರಯೋಗಪುಟದಲ್ಲಿ (ಕರಡು ಬರೆಯುವ ಸ್ವಂತ ಪುಟ) ಬರೆದು ನಮಗೆ ತೋರಿಸಲಿ, ಅಲ್ಲಿ ಬರೆದರೆ ಯಾರೂ ಅವಸರದಲ್ಲಿ ಕೈ ಹಾಕುವುದಿಲ್ಲ. ನಕಲು ಮಾತ್ರ ಅಲ್ಲೂ ನಡೆಯುವುದಿಲ್ಲ. ಇನ್ನೊಂದು ಮಾತು, ಅವರು ತಪ್ಪು ಮಾಡಿದಾಗ ನೀನೇ ತಿದ್ದಿ ಮುಗಿಸಬೇಡ. ಯಾವ ಸಾಲು, ಯಾಕೆ ಅಂತ ಹೇಳಿ ಅವರ ಕೈಯಿಂದಲೇ ತಿದ್ದಿಸು. ನಾವು ತಿದ್ದಿಬಿಟ್ಟರೆ ಪುಟ ಚೆನ್ನಾಗುತ್ತದೆ, ಆದರೆ ಆ ಹುಡುಗ ಕಲಿಯುವುದಿಲ್ಲ.

ಅಕ್ಕ (ಬೀದರ್): ಐದು ಜನ ಸಿಗುತ್ತಾರೆ. ಆದರೆ ನನಗೇ ಬರುವುದಿಲ್ಲವಲ್ಲ.

ನಾನು: ನೀನು ಆರನೆಯವಳು.

ಅತ್ತಿ: ರವಿವಾರ ಊರಿಗೆ ಯಾರ್‍ಯಾರು ಬರುತ್ತೀರಿ ಅಂತ ಕೇಳಿದ್ದೆ. ಯಾರೂ ಹೇಳಲಿಲ್ಲ. ರೊಟ್ಟಿ ಲೆಕ್ಕ ಬೇಕು ನನಗೆ.

ನಾನು: ನಾನು ಬರುತ್ತೇನೆ ಅತ್ತೀ.

ಮುತ್ಯಾ: (ಧ್ವನಿ ಸಂದೇಶ. ತಂಗಿ ಕೆಳಗೆ ಬರೆದು ಹಾಕಿದ್ದು.) ಕೆರೆ ಯಾರು ಕಟ್ಟಿಸಿದರು ಅಂತ ನಮ್ಮ ಅಪ್ಪ ಹೇಳಿದ್ದನ್ನೇ ಮೊಮ್ಮಗಳಿಗೆ ಹೇಳಿದ್ದೇನೆ. ನನಗೆ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇಲ್ಲ. ಪುಸ್ತಕದಲ್ಲಿ ಇದ್ದರೆ ಮಾತ್ರ ನಿಜವಾ?

ಕಾಕಾ: ಇದಕ್ಕೆ ಉತ್ತರ ಕೊಡು ಈಗ.

ನಾನು: ಮುತ್ಯಾ, ನೀವು ಹೇಳಿದ್ದು ಸುಳ್ಳು ಅಂತ ಯಾರೂ ಅನ್ನುವುದಿಲ್ಲ. ಈ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. 2011ರಲ್ಲಿ ಭಾರತ, ದಕ್ಷಿಣ ಆಫ್ರಿಕಾ ಎರಡೂ ಕಡೆ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಅದನ್ನೇ ಆಧಾರವಾಗಿ ಕೊಡುವ ಪ್ರಯತ್ನ ನಡೆದಿತ್ತು. ನಮ್ಮಂಥ ಭಾಷೆಗಳಲ್ಲಿ ಅಚ್ಚಾದದ್ದಕ್ಕಿಂತ ಬಾಯಲ್ಲಿರುವುದೇ ಜಾಸ್ತಿ ಅನ್ನುವುದು ಅವರ ವಾದ. ನನಗೆ ಅದು ಸರಿ ಅನಿಸುತ್ತದೆ. ಆದರೆ ಅದು ಎಲ್ಲರೂ ಒಪ್ಪಿದ ನಿಯಮವಾಗಲಿಲ್ಲ. ಕಾರಣವೂ ಇದೆ. ಓದುವವನು ಬಂದು ಪರೀಕ್ಷೆ ಮಾಡಲು ಆಗಬೇಕು. ಪಕ್ಕದ ಊರಿನ ಮುತ್ಯಾ ಬಂದು ಆ ಕೆರೆ ನಮ್ಮವರು ಕಟ್ಟಿಸಿದ್ದು ಅಂದರೆ ಯಾರನ್ನು ನಂಬುವುದು?

ಭೀಮಾ ಹೊಳೆ ಆಚೆಯ ಸನ್ನತಿ ಊರನ್ನು ನೆನಪು ಮಾಡಿಕೊಳ್ಳಿ. ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಬಿತ್ತು. ಮೂರ್ತಿ ಒಡೆದು ಹೋದಾಗ ಅದರ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಆ ಕಲ್ಲು ಎಷ್ಟೋ ಕಾಲದಿಂದ ಅಲ್ಲೇ ಇತ್ತು. ತಿಳಿದವರು ಓದಿ ಅಚ್ಚು ಹಾಕಿದ ಮೇಲೆ ನಾವು ಯಾರು ಬೇಕಾದರೂ ಅದನ್ನು ಹೆಸರು ಹೇಳಿ ಬರೆಯಬಹುದು. ನಿಮ್ಮ ಮಾತಿಗೂ ಅದೇ ದಾರಿ. ನೀವು ಹೇಳುವುದನ್ನೆಲ್ಲ ರೆಕಾರ್ಡ್ ಮಾಡೋಣ. ಕಾಕಾ ಅದನ್ನು ಲೇಖನ ಮಾಡಿ ಕಲಬುರಗಿಯ ಯಾವುದಾದರೂ ಪತ್ರಿಕೆಗೆ ಕಳಿಸಲಿ. ಸಂಪಾದಕರು ನೋಡಿ ಅಚ್ಚು ಹಾಕಿದರೆ "ಊರಿನ ಹಿರಿಯರ ಪ್ರಕಾರ" ಅಂತ ಪುಟದಲ್ಲಿ ಸೇರಿಸಬಹುದು.

ಕಾಕಾ: ನಾನು ಬರೆಯುವುದಾ?

ಮುತ್ಯಾ: (ಧ್ವನಿ ಸಂದೇಶ) ಬರೆಯಲಿ. ಸಣ್ಣವನಿದ್ದಾಗ ಇವನ ಅಕ್ಷರ ಚೆನ್ನಾಗಿತ್ತು.

ಅಣ್ಣ (ಪುಣೆ): ಅದು ಒಳ್ಳೆ ದಾರಿ, ಒಪ್ಪುತ್ತೇನೆ. ಆದರೆ ನನ್ನ ಮೂಲ ಮಾತಿಗೆ ನೀನು ಉತ್ತರ ಕೊಟ್ಟಿಲ್ಲ. ಈ ಹೇಳಿಕೊಡುವ ಕೆಲಸ ಯಾರು ಮಾಡಬೇಕು? ತೆಗೆಯುವವರೇ ಮಾಡಬೇಕು ಅಂದರೆ ಅದು ಅನ್ಯಾಯ.

ನಾನು: ಪೂರ್ತಿ ಅವರೇ ಮಾಡಬೇಕಾಗಿಲ್ಲ. ಹೊಸಬರ ಮುಖಪುಟದಲ್ಲಿ ಒಬ್ಬ ಮಾರ್ಗದರ್ಶಕರ ಹೆಸರು ತೋರಿಸಿ, ಪ್ರಶ್ನೆ ನೇರ ಅವರ ಚರ್ಚೆಪುಟಕ್ಕೆ ಹೋಗುವ ಸೌಲಭ್ಯ ವಿಕಿಪೀಡಿಯದಲ್ಲಿ ಮಾಡಿದ್ದಾರೆ. ಆದರೆ ಯಾರಾದರೂ ಹೆಸರು ಕೊಟ್ಟರೆ ತಾನೇ ತೋರಿಸುವುದು. ಕನ್ನಡ ವಿಕಿಪೀಡಿಯದಲ್ಲಿ ಅರಳಿ ಕಟ್ಟೆ ಅಂತ ಎಲ್ಲರೂ ಸೇರಿ ಚರ್ಚಿಸುವ ಪುಟ ಇದೆ, ಅಲ್ಲಿ ಕೇಳಬಹುದು. ಹೊಸಬರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಲೇಖನ ಎಷ್ಟು ಬರೆದೆ, ಎಡಿಟ್ ಎಷ್ಟು ಮಾಡಿದೆ ಅಂತ ನಾವು ಲೆಕ್ಕ ಇಡುತ್ತೇವೆ. ಒಬ್ಬರಿಗೆ ಹೇಳಿಕೊಟ್ಟದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ. ನೀನು ಇಷ್ಟು ವರ್ಷದಿಂದ ಎಡಿಟ್ ಮಾಡುತ್ತಿದ್ದೀಯ, ನಿಯಮ ಎಲ್ಲಾ ಬಾಯಿಪಾಠ. ಇವತ್ತು ತಂಗಿಯ ಪ್ಯಾರಾ ಎಲ್ಲಿಂದ ಬಂತು ಅಂತ ನಿಮಿಷದಲ್ಲಿ ಹುಡುಕಿದೆ. ಅದೇ ನಿಮಿಷದಲ್ಲಿ "ಇದನ್ನು ನಿನ್ನ ಮಾತಿನಲ್ಲಿ ಬರೆ" ಅಂತ ಅವಳಿಗೂ ಹೇಳಬಹುದಿತ್ತು. ಹೇಳಲಿಲ್ಲ, ಗುಂಪಿನಲ್ಲಿ ತೀರ್ಪು ಕೊಟ್ಟೆ. ಬೇಸರ ಮಾಡಿಕೊಳ್ಳಬೇಡ. ಆ ಟೆಂಪ್ಲೇಟ್ ಹಾಕಿದವರೂ ಇದನ್ನೇ ಮಾಡಿದ್ದು.

ಅಣ್ಣ (ಪುಣೆ): ನಕಲು ಬಂದರೆ ನಾನು ತೆಗೆಯುವುದೇ. ಅದರಲ್ಲಿ ಬದಲಾವಣೆ ಇಲ್ಲ.

ನಾನು: ತೆಗೆ. ತೆಗೆದು ಎರಡು ಸಾಲು ಬರೆ ಅಂತಷ್ಟೇ ನಾನು ಹೇಳುವುದು.

ಅಣ್ಣ (ಪುಣೆ): ಅಕ್ಕನ ಹುಡುಗರಲ್ಲಿ ಇಬ್ಬರನ್ನು ನನಗೆ ಕೊಡಿ. ಐದೂ ನನ್ನಿಂದ ಆಗುವುದಿಲ್ಲ. ಸಂಜೆ ಏಳರ ಮೇಲೆ ಮಾತ್ರ.

ಅಕ್ಕ (ಬೀದರ್): ಸಾಕು.

ತಂಗಿ: ನನ್ನದು ಯಾರು ನೋಡುತ್ತೀರಿ? ಯಾದಗಿರಿ ಜಿಲ್ಲೆಯ 2011ರ ಜನಗಣತಿ ಕೈಪಿಡಿ ಡೌನ್‌ಲೋಡ್ ಮಾಡಿದೆ. ನಮ್ಮೂರು ಸಿಕ್ಕಿತು! ವಿಸ್ತೀರ್ಣ, ಜನಸಂಖ್ಯೆ ಎಲ್ಲಾ ಇದೆ.

ನಾನು: ನಾನು ನೋಡುತ್ತೇನೆ. 1966ರಲ್ಲಿ ಬಂದ ಗುಲ್ಬರ್ಗಾ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕ) ಕೂಡ ತೆಗೆದು ನೋಡು. ಆಗ ಯಾದಗಿರಿ ಬೇರೆ ಜಿಲ್ಲೆ ಆಗಿರಲಿಲ್ಲ, ಶಹಾಪುರ ತಾಲೂಕಿನ ವಿಷಯ ಅದರಲ್ಲೇ ಇರುತ್ತದೆ. ಕೆರೆಯ ಹೆಸರು ಸಿಕ್ಕರೆ ಪುಟ ಸಂಖ್ಯೆ ಬರೆದಿಟ್ಟುಕೋ.

ತಂಗಿ: ಒಂದು ಡೌಟು. ಈ ಕೈಪಿಡಿಯಲ್ಲಿ ನಮ್ಮೂರಿಗೆ ಹೈಸ್ಕೂಲ್ ಇಲ್ಲ ಅಂತಿದೆ. ಈಗ ಇದೆಯಲ್ಲ? ಏನು ಬರೆಯಲಿ?

ನಾನು: "2011ರ ಜನಗಣತಿಯ ಪ್ರಕಾರ" ಅಂತ ಶುರು ಮಾಡಿ ಅದರಲ್ಲಿ ಇದ್ದದ್ದನ್ನು ಬರೆ. ಈಗಿನದಕ್ಕೆ ಶಿಕ್ಷಣ ಇಲಾಖೆಯ ಶಾಲೆಗಳ ಪಟ್ಟಿ ಹುಡುಕು, ಶಾಲೆಗಳ ಸರ್ಕಾರಿ ಮಾಹಿತಿಕೋಶ ಯು-ಡೈಸ್‌ನಲ್ಲಿ ಸಿಗಬಹುದು. ಸಿಗದಿದ್ದರೆ ಆ ಸಾಲನ್ನು ಸದ್ಯ ಬಿಡು. ರವಿವಾರ ಬಂದಾಗ ಶಾಲೆಯ ಫೋಟೋ ನೀನೇ ತೆಗಿ, ಬೋರ್ಡ್ ಕಾಣುವ ಹಾಗೆ. ಕಾಮನ್ಸ್‌ಗೆ (ವಿಕಿಪೀಡಿಯದವರ ಚಿತ್ರಗಳ ಭಂಡಾರ) ಹಾಕುವುದನ್ನು ಅಲ್ಲೇ ಕೂತು ತೋರಿಸುತ್ತೇನೆ.

ಅತ್ತಿ: ಹಾಗಾದರೆ ರವಿವಾರಕ್ಕೆ ಎಷ್ಟು ಜನ?